ಚಾರ್ಜ್‌ಶೀಟ್ ಆದ ಮೇಲೆ ಬೇಲ್ ಮತ್ತೆ ಕೇಳಬಹುದು

ಶಹಾಪುರದ ಹೊಲದ ಜಗಳದಲ್ಲಿ ತಮ್ಮನ ಮೇಲೆ ಕೊಲೆ ಯತ್ನದ ಕೇಸಾಗಿದೆ, ಯಾದಗಿರಿ ಸೆಷನ್ಸ್ ಕೋರ್ಟ್ ಬೇಲ್ ಕೊಟ್ಟಿಲ್ಲ, ಚಾರ್ಜ್‌ಶೀಟ್ ಬಂದ ಮೇಲೆ ಮತ್ತೆ ಹಾಕಬಹುದಾ ಅಂತ ಕೇಳಿದ್ದೀರಿ. ಖಂಡಿತ ಹಾಕಬಹುದು. ತನಿಖೆ ಮುಗಿದಿದೆ, ಪರಿಸ್ಥಿತಿ ಬದಲಾಗಿದೆ ಅಂತ ವಾದಿಸಬಹುದು. ಸೆಷನ್ಸ್‌ನಲ್ಲೇ ಕೇಳಿ, ಇಲ್ಲವೇ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಿ. ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸು ನಡೆಸುವ ವಿಧಾನದ ಕಾನೂನು) 483ನೇ ಕಲಂ ಎರಡೂ ಕೋರ್ಟುಗಳಿಗೆ ಬೇಲ್ ಕೊಡುವ ಅಧಿಕಾರ ಕೊಟ್ಟಿದೆ. ಬೆಂಗಳೂರಿಗೆ ಓಡಬೇಕಿಲ್ಲ.

ತಮ್ಮ ತಪ್ಪು ಮಾಡಿದ್ದಾನೋ ಇಲ್ಲವೋ ಅಂತ ಈ ಹಂತದಲ್ಲಿ ಜಡ್ಜ್ ತೀರ್ಮಾನಿಸುವುದಿಲ್ಲ. ಆರೋಪ ಎಷ್ಟು ಗಂಭೀರ, ಮೇಲ್ನೋಟಕ್ಕೆ ಸಾಕ್ಷ್ಯ ಏನಿದೆ, ಓಡಿಹೋಗುತ್ತಾನಾ, ಸಾಕ್ಷಿಗಳನ್ನು ಹೆದರಿಸುತ್ತಾನಾ, ಹಳೇ ಕೇಸುಗಳಿವೆಯಾ ಅಂತ ನೋಡುತ್ತಾರೆ. ಹಳ್ಳಿ ಕೇಸುಗಳಲ್ಲಿ ಸಾಕ್ಷಿಗಳ ವಿಷಯವೇ ಜಾಸ್ತಿ ತೊಡಕು, ಯಾಕಂದ್ರೆ ಸಾಕ್ಷಿ ಪಕ್ಕದ ಮನೆಯವರೇ ಆಗಿರುತ್ತಾರೆ. ಅದಕ್ಕೇ ಊರು ಬಿಟ್ಟು ಕಲಬುರಗಿಯ ಸಂಬಂಧಿಕರ ಮನೆಯಲ್ಲಿ ಇರುತ್ತಾನೆ ಅಂತ ನೀವೇ ಮುಂದಾಗಿ ಹೇಳಿ.

ಚಾರ್ಜ್‌ಶೀಟಿನಲ್ಲಿ ಮೊದಲು ಗಾಯದ ಸರ್ಟಿಫಿಕೇಟ್ ಓದಿ. ಸಾದಾ ಗಾಯವೋ, ತೀವ್ರ ಗಾಯವೋ? ಜಗಳದಲ್ಲಿ ಬಳಸಿದ ಕೊಡಲಿ ಯಾರ ಕೈಯಲ್ಲಿತ್ತು ಅಂತ ಪ್ರತಿ ಸಾಕ್ಷಿಯ ಹೇಳಿಕೆಯಲ್ಲೂ ಹುಡುಕಿ. ಒಬ್ಬರದು ಒಂದು ಥರ, ಇನ್ನೊಬ್ಬರದು ಬೇರೆ ಥರ ಇದ್ದರೆ ವಕೀಲರಿಗೆ ಗುರುತು ಹಾಕಿ ಕೊಡಿ. ಅಂಥದ್ದೇ ಪಾತ್ರದ ಸಹ ಆರೋಪಿಗೆ ಬೇಲ್ ಸಿಕ್ಕಿದ್ದರೆ ಆ ಆದೇಶದ ಪ್ರತಿಯನ್ನೂ ಲಗತ್ತಿಸಿ.

90 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಸಿಗುವ ಬೇಲ್ ಬೇರೆ ವಿಷಯ. ಚಾರ್ಜ್‌ಶೀಟ್ ಗಡುವಿನೊಳಗೆ ಬಂದಿದ್ದರೆ ಆ ದಾರಿ ಇಲ್ಲ.

ಇನ್ನೊಂದು, ದಯವಿಟ್ಟು ಈಗ ಗಾಯಾಳು ಮನೆಗೆ ರಾಜಿ ಮಾತಿಗೆ ಯಾರೂ ಹೋಗಬೇಡಿ. ಒತ್ತಡ ಹಾಕಿದರು ಅಂತ ಅದನ್ನೇ ಬೇಲ್ ವಿರುದ್ಧ ಹೇಳುತ್ತಾರೆ.