ಶೆಲ್ಟರ್‌ಗೆ ಬಿಟ್ಟುಬಂದ್ರೆ ಮುಗೀತಾ?

ಓದುಗರ ಪ್ರಶ್ನೆ: ನಮ್ಮ ಖಾನಾವಳಿ ಮುಂದೆ ದಿನಾ ನಿಲ್ತಿದ್ದ ಬೀದಿ ಹಸು ಹೊಟ್ಟೆ ಉಬ್ಬಿಸ್ಕೊಂಡು ಮೇವು ಬಿಟ್ಟಿತ್ತು, ನಾವೇ ಟಾಟಾ ಏಸ್ ಮಾಡಿ ಪ್ರಾಣಿಗಳ ಶೆಲ್ಟರ್‌ಗೆ ಮುಟ್ಟಿಸಿದ್ವಿ. ಆಪರೇಷನ್ ಆತು, ಈಗ ಆರಾಮೈತಿ. ಆದ್ರೂ ತಿಂಗ್ಳಾ ತಿಂಗ್ಳಾ ಮೇವಿಗೆ ಏನಾದ್ರೂ ಕೊಡ್ರಿ ಅಂತ ವಾಟ್ಸಾಪ್ ಹಾಕ್ತಾರ್ರೀ, ಇನ್ನೇನು ಖರ್ಚು ಇರ್ತೈತಿ? (ದಾವಣಗೆರೆ)

ಉತ್ತರ: ಮುಟ್ಟಿಸಿದ್ರಲ್ಲ, ಅದೇ ದೊಡ್ಡದು, ಬಹಳ ಜನ ಫೋಟೋ ತೆಗೆದು ಸ್ಟೇಟಸ್ ಹಾಕಿ ಸುಮ್ನಾಗ್ತಾರೆ. ಆದ್ರೆ ಖರ್ಚು ಬಂದ ದಿನದಿಂದ್ಲೇ ಇರುತ್ತೆ, ದೊಡ್ಡ ಖರ್ಚು ಶುರುವಾಗೋದು ಹಸು ಆರಾಮಾದ್ಮೇಲೆ ನೋಡ್ರಿ. ಬಂದ ತಕ್ಷಣ ಅದನ್ನ ಬೇರೆಯವುಗಳ ಜೊತೆ ಕಟ್ಟೋ ಹಾಗಿಲ್ಲ, ಕಾಲುಬಾಯಿ ಜ್ವರ, ಚರ್ಮಗಂಟು ರೋಗ ಏನಾದ್ರೂ ಇದ್ರೆ ಇಡೀ ಕೊಟ್ಟಿಗೆ ಮಲಗುತ್ತೆ, ಹಂಗಾಗಿ ಬೇರೆ ಶೆಡ್ಡು, ಬೇರೆ ಬಕೆಟ್ಟು. ಆಮೇಲೆ ಆಪರೇಷನ್. ಹೊಟ್ಟೇಲಿರೋ ಪ್ಲಾಸ್ಟಿಕ್ ಕರಗಿಸೋ ಔಷಧಿ ಅಂತ ಯಾವ್ದೂ ಇಲ್ಲ. ಎಡಗಡೆ ಪಕ್ಕೆಲುಬಿನ ಹಿಂದೆ ಕೂದಲು ಬೋಳಿಸಿ, ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಹಸು ನಿಂತಿರೋವಾಗ್ಲೇ ಕೊಯ್ದು ಡಾಕ್ಟ್ರು ಭುಜದ ತನಕ ಕೈ ಹಾಕಿ ಎಳೀತಾರೆ, ಹಾಲಿನ ಪ್ಯಾಕೆಟ್ಟು, ಕ್ಯಾರಿಬ್ಯಾಗು, ನೈಲಾನ್ ಹಗ್ಗ ಎಲ್ಲಾ ಹೆಣೆದ್ಕೊಂಡು ಒಂದೇ ಗಡ್ಡೆಯಾಗಿ ಬರುತ್ತೆ, ವಾಸನೆ ಬಗ್ಗೆ ಮಾತ್ರ ಕೇಳ್ಬೇಡಿ. ಹಸುವಿಗೆ ಮೇಲ್ಗಡೆ ಮುಂದಿನ ಹಲ್ಲೇ ಇಲ್ಲ, ಕವರ್ ಗಂಟು ಬಿಚ್ಚಿ ತಿನ್ನೋಕೆ ಅದೇನು ಮನುಷ್ಯನಾ, ಒಳಗಿನ ಅನ್ನದ ಆಸೆಗೆ ಕವರ್ ಸಮೇತ ನುಂಗಿಬಿಡುತ್ತೆ. (ಖಾನಾವಳಿ ಅಂದ್ರಲ್ಲ, ಎಂಜಲು ಹೆಂಗೆ ಹೊರಗೆ ಹಾಕ್ತೀರಾ ಒಂದ್ಸಲ ನೋಡ್ಕೊಳ್ಳಿ.)

ಹೊಲಿಗೆ ಬಿಚ್ಚಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ? ಮತ್ತೆ ರೋಡಿಗೆ ಬಿಟ್ರೆ ಮತ್ತೆ ಕವರ್. ಹಸು 15-20 ವರ್ಷ ಬದುಕೋ ಜೀವ. 300 ಕೆಜಿ ತೂಗೋ ಹಸುವಿಗೆ ದಿನಕ್ಕೆ ಏಳೆಂಟು ಕೆಜಿ ಒಣಮೇವು ಅಂದ್ರೂ ವರ್ಷಕ್ಕೆ ಎರಡೂವರೆ ಟನ್ ಮೇಲಾಯ್ತು, ಒಂದಕ್ಕೆ! ಭದ್ರಾ ಕಾಲುವೆ ಕಡೆ ಭತ್ತ ಕೊಯ್ಲಾದಾಗ ಹುಲ್ಲು ಸಿಗುತ್ತೆ, ಆಗ್ಲೇ ಬಣವೆ ಒಟ್ಕೋಬೇಕು, ಒಟ್ಕೊಳ್ಳೋಕೆ ಆಗ ಕೈಯಲ್ಲಿ ದುಡ್ಡಿರ್ಬೇಕು, ಬೇಸಿಗೇಲಿ ಕೊಳ್ಳೋಕೆ ಹೋದ್ರೆ ರೇಟ್ ಕೇಳಿದ್ರೇ ತಲೆ ತಿರುಗುತ್ತೆ. ಅವ್ರು ವಾಟ್ಸಾಪ್ ಹಾಕೋದು ಅದಕ್ಕೇ. ದುಡ್ಡಿನ ಬಗ್ಗೆ ಡೌಟಿದ್ರೆ ದುಡ್ಡು ಕೊಡ್ಬೇಡಿ, ಒಂದು ಲೋಡು ಹುಲ್ಲು ಇಳಿಸಿ ಬನ್ನಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಪ್ರಶ್ನೆ: ನಮ್ ಕಡೆ ದೇವರ ಎತ್ತುಗಳನ್ನ ಕಿಲಾರಿಗಳು (ಅವನ್ನ ಕಾಯೋವ್ರು) ಹಿಂದಿನಿಂದ್ಲೂ ಸಾಕ್ತಾವ್ರೆ, ಹೂಡಲ್ಲ, ಕಟುಕ್ರಿಗೆ ಮಾರಲ್ಲ. ನೀವು ಪ್ಯಾಟೆಯವ್ರು ಮಾಡೋದ್ರಾಗೆ ಹೊಸಾದೇನೈತೆ? (ಚಳ್ಳಕೆರೆ)

ಉತ್ತರ: ಹೊಸದೇನಿಲ್ಲ ಸ್ವಾಮಿ, ಒಪ್ಪಿದೆ. ದುಡಿಯದೇ ಇರೋ ದನಾನ ಸಾಯೋ ತನಕ ಸಾಕೋದು ಹೆಂಗೆ ಅಂತ ಕಿಲಾರಿಗಳನ್ನ ನೋಡೇ ಕಲೀಬೇಕು. ವ್ಯತ್ಯಾಸ ಒಂದೇ, ಅವು ಗುಂಪಲ್ಲೇ ಹುಟ್ಟಿ ಬೆಳೆದು ಹುಲ್ಲುಗಾವಲಲ್ಲಿ ತಾವೇ ಮೇಯ್ಕೊಂಡು ಬರ್ತವೆ, ಶೆಲ್ಟರ್‌ಗೆ ಬರೋವು ಕಾಲು ಮುರಿದವು, ಕಣ್ಣು ಹೋದವು, ಒಂದಕ್ಕೊಂದು ಗುರುತಿಲ್ಲ, ಮೊದಲ ವಾರ ಬರೀ ಹಾಯೋದೇ. ಎದ್ದೇಳಕ್ಕಾಗದ ದನಾನ ದಿನಕ್ಕೆ ನಾಲ್ಕೈದು ಸಲ ಮಗ್ಗುಲು ಬದಲಾಯಿಸ್ತಿರ್ಬೇಕು, ಇಲ್ಲಾಂದ್ರೆ ಹುಣ್ಣಾಗುತ್ತೆ, ಒಂದು ಸಲಕ್ಕೆ ಮೂರು ಆಳು ಬೇಕು.

ಪ್ರಶ್ನೆ: ಮನೇಲಿ ಗಿಳಿ ಸಾಕಿದೀವಿ, ಕೇಸಾಗುತ್ತೆ ಅಂತ ಪಕ್ಕದ್ಮನೆಯವ್ರು ಹೆದರಿಸ್ತಿದಾರೆ. ಜೋಗಿಮಟ್ಟಿ ಕಾಡಿಗೆ ಹೋಗಿ ಹಾರಿಬಿಟ್ರೆ ಆಗುತ್ತಲ್ವಾ? (ಚಿತ್ರದುರ್ಗ)

ಉತ್ತರ: ಬೇಡ! ಪಕ್ಕದ್ಮನೆಯವ್ರು ಹೇಳಿದ್ದು ಸರಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮೂರ ಹಸಿರು ಗಿಳಿ ಸಾಕೋ ಹಾಗಿಲ್ಲ, ನಕ್ಷತ್ರ ಆಮೇನೂ ಅಷ್ಟೇ. ಹಂಗಂತ ರೆಕ್ಕೆ ಕತ್ತರಿಸಿ ಹಾಲು-ಅನ್ನ ತಿನ್ನಿಸಿ ಬೆಳೆಸಿದ ಗಿಳೀನ ಏಕಾಏಕಿ ಕಾಡಿಗೆ ಬಿಟ್ರೆ ಅದು ಗಿಡುಗಕ್ಕೆ ಊಟ. ಅರಣ್ಯ ಇಲಾಖೆಯವ್ರಿಗೆ ಒಪ್ಪಿಸಿ. ಆಡುಮಲ್ಲೇಶ್ವರ ಝೂ ಗೇಟಲ್ಲಿ ಪಂಜರ ಇಟ್ಟು ಓಡಿಬರೋ ಐಡಿಯಾನೂ ಬೇಡ. ಮನುಷ್ಯರ ಕೈಯಲ್ಲಿ ಪಳಗಿದ್ದೆಲ್ಲಾ ವಾಪಸ್ ಕಾಡಿಗೆ ಹೋಗಲ್ಲ ಕಣ್ರೀ, ಬನ್ನೇರುಘಟ್ಟದ ಕೇಂದ್ರದಲ್ಲಿ ಕುಣಿಸೋರಿಂದ ಬಿಡಿಸಿದ ಕರಡಿಗಳಿದಾವಲ್ಲ, ಮೂತಿ ಚುಚ್ಚಿ ಹಗ್ಗ ಹಾಕಿ ಹಲ್ಲು ಮುರಿದಿದ್ರಿಂದ ಅವುಗಳಿಗೆ ಕೊನೇ ತನಕ ಅದೇ ಮನೆ.

ಪ್ರಶ್ನೆ: ಭಾನುವಾರ ಮಗಳನ್ನ ಕರ್ಕೊಂಡು ಶೆಲ್ಟರ್ ನೋಡೋಕೆ ಹೋಗ್ಬೇಕು ಅಂತಿದೀನಿ, ತಿನ್ನೋಕೆ ಏನ್ ತಗೊಂಡು ಹೋಗ್ಲಿ? (ಹರಿಹರ)

ಉತ್ತರ: ತಿನ್ನೋದು ಏನೂ ಬೇಡ ತಾಯಿ. ಮದುವೆ ಸೀಜನ್‌ನಲ್ಲಿ ಛತ್ರದಿಂದ ಮಿಕ್ಕಿದ ಅನ್ನ, ಪಾಯಸ, ಹೋಳಿಗೆ ತುಂಬ್ಕೊಂಡು ಟೆಂಪೋ ಬರುತ್ತೆ, ಪುಣ್ಯ ಬರ್ಲಿ ಅಂತ. ಅಷ್ಟು ಅನ್ನ ಒಂದೇ ಸಲ ತಿಂದ್ರೆ ಹಸುವಿನ ಹೊಟ್ಟೆ ಹುಳಿಯಾಗಿ ರಾತ್ರೋರಾತ್ರಿ ಸತ್ತೇ ಹೋಗ್ಬಹುದು. ಹಳೇ ಗೋಣಿಚೀಲ, ಹಳೇ ಬೆಡ್‌ಶೀಟು, ಪೊರಕೆ ತನ್ನಿ. ಬೆಳಿಗ್ಗೆ ಏಳಕ್ಕೇ ಬಂದ್ರೆ ಸಗಣಿ ಬಾಚೋ ಟೈಮು, ಮಗಳಿಗೆ ಹಳೇ ಚಪ್ಪಲಿ ಹಾಕ್ಸಿ. ಹೊಸದಾಗಿ ಬಂದ ನಾಯಿ ಹತ್ರ ಮಾತ್ರ ಬಿಡ್ಬೇಡಿ, ಅಪ್ಪಿತಪ್ಪಿ ಪರಚಿದ್ರೂ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಹಾಕಿಸ್ಬೇಕು. ಸೆಲ್ಫಿ ಆಮೇಲೆ, ಸಗಣಿ ಬಾಚಿ ಆದ್ಮೇಲೆ.