ಕೈಗಾ ರಿಯಾಕ್ಟರ್ 962 ದಿನ ನಿಲ್ಲದೆ ಓಡಿತು. ಚೆನ್ನಾಗಿ ನಡೆಸಿದ್ದಾರೆ ಎನ್ನಲು ಅಷ್ಟು ಸಾಕೇ?

ನೀವು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೀರಿ, ಪ್ರಾಜೆಕ್ಟ್‌ಗೆ ಕೈಗಾ ಆರಿಸಿಕೊಂಡಿದ್ದೀರಿ ಎಂದು ಬರೆದಿದ್ದೀರಿ. ದಿನದ ಲೆಕ್ಕ ಸಾಕಾಗುವುದಿಲ್ಲ, ಆದರೆ ಶುರು ಮಾಡಲು ಒಳ್ಳೆಯ ಜಾಗ.

ಕೈಗಾದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಓಡಿ ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆ ಮುರಿಯಿತು. ಮುಂದೆ 2021ರಲ್ಲಿ ಕೆನಡಾದ ಡಾರ್ಲಿಂಗ್‌ಟನ್ 1,106 ದಿನ ಮುಟ್ಟಿತು. 220 ಮೆಗಾವ್ಯಾಟ್ ಘಟಕ 962 ದಿನ ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ಬರಬೇಕಾದ್ದು 508 ಕೋಟಿ ಯೂನಿಟ್. ಬಂದದ್ದು ಸುಮಾರು 500 ಕೋಟಿ. ಅರ್ಧ ಲೋಡಿನಲ್ಲಿ ತಳ್ಳಿಕೊಂಡು ದಿನ ಎಣಿಸಿದ್ದಲ್ಲ ಅದು. ನಾನು ಹೆಚ್ಚು ಬೆಲೆ ಕೊಡುವುದು ಮಾತ್ರ ಅದು ನಿಂತ ಬಗೆಗೆ: ಟ್ರಿಪ್ ಆಗಿ, ಅಂದರೆ ದೋಷ ಕಂಡು ತಟ್ಟನೆ, ನಿಂತಿಲ್ಲ, ನಿರ್ವಹಣೆಗೆಂದು ತಾವೇ ನಿಲ್ಲಿಸಿದರು. ನಡುವೆ ಮೂರು ಮಳೆಗಾಲ ಕಳೆದಿವೆ. ಸಿಡಿಲು, ಗಾಳಿಗೆ ಲೈನ್ ಹೋಗುವುದೆಂದರೇನು ಎಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಕೈಗಾವನ್ನು ಕೂಡಂಕುಳದ ಪಕ್ಕ ಇಟ್ಟು ದಿನ ಹೋಲಿಸಬೇಡಿ. ಕೂಡಂಕುಳದಂಥ ರಿಯಾಕ್ಟರ್‌ಗಳಲ್ಲಿ ಇಂಧನ ಬದಲಿಸಲು ನಿಲ್ಲಿಸಿ ಮುಚ್ಚಳ ತೆಗೆಯಲೇಬೇಕು. ಕೈಗಾದ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ರಿಯಾಕ್ಟರ್‌ನಲ್ಲಿ 306 ಅಡ್ಡ ಕೊಳವೆಗಳಿವೆ. ಅರ್ಧ ಮೀಟರ್ ಉದ್ದದ, ಹದಿನಾರು ಕಿಲೋ ಆಸುಪಾಸಿನ ಇಂಧನದ ಕಟ್ಟುಗಳನ್ನು ಓಡುತ್ತಿರುವಾಗಲೇ ಬದಲಿಸುತ್ತಾರೆ. ಕೊಳವೆಯ ಎರಡೂ ತುದಿಗೆ ಒಂದೊಂದು ಯಂತ್ರ ಬಂದು ಕಚ್ಚಿಕೊಳ್ಳುತ್ತದೆ. ಒಂದು ಹೊಸ ಕಟ್ಟು ತಳ್ಳಿದರೆ ಇನ್ನೊಂದು ಹಳೆಯದನ್ನು ಹಿಡಿದುಕೊಳ್ಳುತ್ತದೆ. ಒಳಗೆ ಸುಮಾರು 290 ಡಿಗ್ರಿ ಶಾಖದ ಭಾರಜಲ, ವಾತಾವರಣದ ಒತ್ತಡದ 80 ಪಟ್ಟಿಗೂ ಹೆಚ್ಚು ಒತ್ತಡ. ಕೆಲಸ ಮುಗಿದ ಮೇಲೆ ತುದಿಯ ಬಿರಡೆ ಸರಿಯಾಗಿ ಕೂರದಿದ್ದರೆ ಸೋರಿಕೆ. ಯಂತ್ರ ಬಿಡಿಸಿಕೊಳ್ಳದಿದ್ದರೆ ನಿಲ್ಲಿಸದೆ ಗತಿಯಿಲ್ಲ. ದೀರ್ಘ ಓಟದ ಹಿಂದೆ ಈ ಕೆಲಸವನ್ನು ಎರಡೂವರೆ ವರ್ಷ, ಮತ್ತೆ ಮತ್ತೆ, ತಪ್ಪದೆ ಮಾಡಿದ ಕೈಗಳಿವೆ.

ಇನ್ನು ಟ್ರಿಪ್. ಶರಾವತಿ ಪವರ್ ಹೌಸ್‌ನ ಟರ್ಬೈನ್ ನಿಂತರೆ ನಿಮಿಷಗಳಲ್ಲಿ ಮತ್ತೆ ತಿರುಗಿಸಬಹುದು. ಇಲ್ಲಿ ಹಾಗಲ್ಲ. ರಿಯಾಕ್ಟರ್ ನಿಂತ ಮೇಲೆ ಅಯೋಡಿನ್-135 ಕ್ಷಯಿಸಿ ಕ್ಸೆನಾನ್-135 ತುಂಬಿಕೊಳ್ಳುತ್ತದೆ, ಅದು ಸರಪಳಿ ಕ್ರಿಯೆ ನಡೆಸುವ ನ್ಯೂಟ್ರಾನ್‌ಗಳನ್ನು ನುಂಗುತ್ತದೆ. ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೆ ಎಬ್ಬಿಸಲಾಗದಿದ್ದರೆ ಒಂದೂವರೆ ದಿನದಷ್ಟು ಕಾಯಬೇಕು. ಅದಕ್ಕೇ ಪ್ರತಿ 7,000 ಗಂಟೆ ಓಟಕ್ಕೆ ಎಷ್ಟು ಅನಿರೀಕ್ಷಿತ ಟ್ರಿಪ್ ಎಂದು ಜಗತ್ತಿನಾದ್ಯಂತ ಲೆಕ್ಕ ಇಡುತ್ತಾರೆ. ವರ್ಷದ 8,760 ಗಂಟೆಯಲ್ಲಿ ಶೇಕಡಾ 80 ಹಿಡಿದರೆ ಬರುವ ಸಂಖ್ಯೆ ಅದು.

ಈ ಸಂಖ್ಯೆ ಸೊನ್ನೆಯಾದರೆ ಖುಷಿಪಡಿ, ಆದರೆ ಇನ್ನೊಂದು ಪ್ರಶ್ನೆ ಕೇಳಿ: ಅನುಮಾನ ಬಂದ ರಾತ್ರಿ ಶಿಫ್ಟಿನವರು ಯಾರನ್ನೂ ಕೇಳದೆ ನಿಲ್ಲಿಸಬಲ್ಲರೇ? ಮರುದಿನ ಯೂನಿಟ್ ನಷ್ಟದ ಮಾತು ಬರುತ್ತದೆ ಎಂಬ ಅಂಜಿಕೆ ಇರುವ ಕಡೆ ದಾಖಲೆ ಕಟ್ಟುವುದು ಅಪಾಯ. ತಪಾಸಣೆಯ ಗಡುವನ್ನು ದಾಖಲೆಗಾಗಿ ಮುಂದೂಡುವುದೂ ಅಷ್ಟೇ ಅಪಾಯ.

ಹೊರಗೆ ಕಾಣದ ಗುರುತುಗಳಲ್ಲಿ ನಾನು ಮೊದಲು ನೋಡುವುದು ತಂಪುಕಾರಕದಲ್ಲಿನ (ಇಂಧನದ ಶಾಖ ಹೊತ್ತೊಯ್ಯುವ ಭಾರಜಲದಲ್ಲಿನ) ಅಯೋಡಿನ್-131, ಇಂಧನದೊಳಗೆ ಹುಟ್ಟುವ ವಿಕಿರಣಶೀಲ ವಸ್ತು. ಅದು ಏರಿದರೆ ಯಾವುದೋ ಇಂಧನದ ಕಟ್ಟಿನ ಹೊದಿಕೆ ಒಡೆದಿದೆ ಎಂದರ್ಥ. ಒಳ್ಳೆಯ ತಂಡ ಕೊಳವೆ ಪತ್ತೆ ಹಚ್ಚಿ ಬೇಗ ಹೊರತೆಗೆಯುತ್ತದೆ. ಆಮೇಲೆ ಕೆಲಸಗಾರರ ವಿಕಿರಣದ ಲೆಕ್ಕ. ನಮ್ಮಲ್ಲಿ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷ 30 ದಾಟುವಂತಿಲ್ಲ. ಭಾರಜಲ ರಿಯಾಕ್ಟರ್‌ನಲ್ಲಿ ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಉಸಿರಿನಿಂದಲೂ ಚರ್ಮದಿಂದಲೂ ಒಳಹೋಗುತ್ತದೆ, ಹಾಗಾಗಿ ಮೂತ್ರ ಪರೀಕ್ಷೆ ನಿತ್ಯದ ಕೆಲಸ. 2009ರ ನವೆಂಬರ್‌ನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಸೇರಿದ್ದು ಗೊತ್ತಾದದ್ದು ಆ ಪರೀಕ್ಷೆಯಿಂದಲೇ. ಗಂಭೀರ ಘಟನೆ, ನಿಮ್ಮ ಪ್ರಾಜೆಕ್ಟ್‌ನಲ್ಲಿ ಅದನ್ನು ಬಿಟ್ಟುಬಿಡಬೇಡಿ.

ಕಂಟ್ರೋಲ್ ರೂಮಿನ ಶಿಸ್ತು ಕಿವಿಗೇ ಗೊತ್ತಾಗುತ್ತದೆ. "ಎರಡನೇ ಪಂಪ್ ನಿಲ್ಲಿಸಿ" ಎಂದು ಒಬ್ಬರು ಹೇಳಿದರೆ, "ಎರಡನೇ ಪಂಪ್ ನಿಲ್ಲಿಸುತ್ತಿದ್ದೇನೆ" ಎಂದು ಇನ್ನೊಬ್ಬರು ತಿರುಗಿ ಹೇಳಬೇಕು, "ಸರಿ" ಎಂದ ಮೇಲೆಯೇ ಕೈ ಸ್ವಿಚ್‌ಗೆ ಹೋಗಬೇಕು. ವಾಲ್ವ್‌ಗೆ ತಪ್ಪು ಟ್ಯಾಗ್ ಕಟ್ಟಿದ್ದು, ಓದುವಾಗ ಒಂದು ಅಂಕಿ ತಪ್ಪಿದ್ದು, ಇಂಥ ಸಣ್ಣವೂ ದಾಖಲಾಗಬೇಕು. ಇಡೀ ವರ್ಷ ಅಂಥದ್ದೊಂದೂ ದಾಖಲಾಗಿಲ್ಲ ಎಂದರೆ ನನಗೆ ಸಮಾಧಾನವಾಗುವುದಿಲ್ಲ. ಜನ ಹೇಳಿಕೊಳ್ಳುತ್ತಿಲ್ಲ ಎಂದುಕೊಳ್ಳುತ್ತೇನೆ.

ಪ್ರಾಜೆಕ್ಟ್‌ಗೆ ಒಂದೇ ಘಟಕ ಹಿಡಿದು ಐದು ವರ್ಷದ ಉತ್ಪಾದನೆ, ಟ್ರಿಪ್, ಕೆಲಸಗಾರರ ಒಟ್ಟು ವಿಕಿರಣ ಪ್ರಮಾಣ ಅಕ್ಕಪಕ್ಕ ಬರೆಯಿರಿ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ವಾರ್ಷಿಕ ವರದಿಗಳಿಂದ ಶುರು ಮಾಡಿ. ದೊಡ್ಡ ನಿರ್ವಹಣೆಗೆ ನಿಲ್ಲಿಸಿದ ವರ್ಷ ವಿಕಿರಣದ ಅಂಕಿ ಸಹಜವಾಗಿ ಏರುತ್ತದೆ, ಆ ವರ್ಷಕ್ಕೆ ಗುರುತು ಹಾಕಿ ಬೇರೆಯಾಗಿ ನೋಡಿ.