ಬೆಕ್ಕಿನ ಉಗುರು ಆಪರೇಷನ್ ಮಾಡಿಸಿ ತೆಗೆಸಬಹುದೇನ್ರಿ?

ಮಾಡಿಸಬ್ಯಾಡ್ರಿ. ಹೊಸ ಸೋಫಾ ಪರಚಿ ಹಾಳು ಮಾಡೇತಿ ಅನ್ನೋ ನಿಮ್ಮ ಸಿಟ್ಟು ಖರೇನ. ಆದ್ರ ಈ ಆಪರೇಷನ್‌ನ್ಯಾಗ ಬರೇ ಉಗುರು ಹೋಗೂದಿಲ್ಲ, ಬೆರಳಿನ ತುದಿ ಎಲುಬನ್ನ ಕಡದು ತಗೀತಾರ. ಮುಂಗಾಲು ಎರಡೂ ಸೇರಿ ಹತ್ತು ಬೆರಳು, ನೀವ ಲೆಕ್ಕ ಹಾಕ್ರಿ. ಆಮ್ಯಾಲೆ ನೋವಿಗೆ ಮರಳಿನ ಟ್ರೇ ಬಿಟ್ಟು ಮೂಲ್ಯಾಗ ಉಚ್ಚಿ ಹೊಯ್ಯೋ ಬೆಕ್ಕೂ ಅದಾವು. (ಆಗ ಸೋಫಾನ ಬೇಸಿತ್ತು ಅನಸ್ತೈತಿ!) ನ್ಯೂಯಾರ್ಕ್ ರಾಜ್ಯ 2019ರಾಗ ಇದನ್ನ ನಿಷೇಧ ಮಾಡೇತಿ.

ಅದರ ಬದ್ಲಿ ಬೆಕ್ಕಿಗೆ ಪರಚಾಕ ಒಂದು ಕಂಬ ಮಾಡಿ ಕೊಡ್ರಿ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಮಾರ್ಕೆಟ್ ಕಡೆ ಹಳೇ ಗೋಣಿಚೀಲ ಸಿಗ್ತಾವು. ಗಟ್ಟಿ ಕಂಬಕ್ಕ ಬಿಗಿಯಾಗಿ ಸುತ್ತಿ ಸೋಫಾದ ಬಾಜೂಕನ ನಿಲ್ಲಸ್ರಿ. ಬೆಕ್ಕು ಪೂರಾ ಮೈ ಮುರಿಯೋವಷ್ಟು ಎತ್ತರ ಇರಬೇಕು, ಅಲುಗಾಡಬಾರದು. ಎರಡು-ಮೂರು ವಾರಕ್ಕೊಮ್ಮೆ ಪಂಜ ಮೆಲ್ಲಕ ಒತ್ತಿ, ಹೊರಗ ಬಂದ ಉಗುರಿನ ಬಿಳೇ ತುದಿ ಅಷ್ಟ ಕತ್ತರಸ್ರಿ. ಒಳಗಿನ ಗುಲಾಬಿ ಭಾಗಕ್ಕ ತಾಗಿದ್ರ ರಕ್ತ ಬರತೈತಿ.